ಐದು ಸಡಿಲ ಸಾಲು

ಓತವಾಲೋದಲ್ಲಿ ಶನಿವಾರ ಬೆಳಗಾಗುವುದು
ಹಂದಿಗಳ ಕೂಗಿಗೆ.
ಇನ್ನೂ ಕತ್ತಲು. ಹಗ್ಗದ ಒಂದು ತುದಿಗೆ ಹಂದಿ,
ಇನ್ನೊಂದಕ್ಕೆ ಟೊಪ್ಪಿಯಿಟ್ಟ ಹೆಂಗಸು;
ಯಾರು ಯಾರನ್ನು ಸಂತೆಗೆ ಎಳೆತಂದರೆಂದು
ವ್ಯಾಪಾರ ಕುದುರಿದ ಮೇಲೇ ತಿಳಿಯಬೇಕು.
ಗೋಣಿಯೊಳಗೆ ಗಿನಿಯಿಲಿಗಳ ಪಿಸುಮಾತು,
ಮದುವೆಮನೆಯ ಒಳಕೋಣೆಯ ಹಾಗೆ.

ಬಿಸಿಲೇರಿದ ಮೇಲೆ ಪೋಂಚೋಗಳ ಚೌಕ.
ನೀಲಿ, ಕೆಂಪು, ಮತ್ತೆ ನೀಲಿ,
ಒಂದು ಮಳಿಗೆಯ ಬೆನ್ನಿಗೆ ಇನ್ನೊಂದರ ಎದೆ.
ನನಗೆ ಎರಡು ಹೆಜ್ಜೆಗೊಂದು ಏದುಸಿರು.
ಎಂಟು ಸಾವಿರ ಅಡಿ ಮೇಲೆ
ಗಾಳಿಯನ್ನೂ ಚೌಕಾಸಿ ಮಾಡಿಯೇ ಕೊಳ್ಳಬೇಕು.

ಸೋಯ್ಲಾ ಕಚಿಮುವೆಲ್,
ಕೊರಳ ತುಂಬ ಹೊಂಬಣ್ಣದ ಗಾಜುಮಣಿ,
ಮೂವತ್ತು ಡಾಲರ್ ಅಂದಳು. ನಾನು ಹದಿನೈದು ಅಂದೆ.
ನಕ್ಕು, ಗಲ್ಲವೆತ್ತಿ ಬೆಟ್ಟ ತೋರಿಸಿದಳು:
"ಮೆಲ್ಲಗೆ ಹೇಳು, ಇಂಬಾಬುರಾ ಅಜ್ಜ ಕೇಳಿಸಿಕೊಂಡಾನು."
ಅಜ್ಜ ಮೋಡದ ಟೊಪ್ಪಿಯನ್ನು
ಕಣ್ಣಿನವರೆಗೆ ಎಳೆದುಕೊಂಡು ಕೂತಿದ್ದ.
ಇಪ್ಪತ್ತೆರಡಕ್ಕೆ ಮುಗಿಯಿತು.
ಆ ನೋಟಿನಿಂದಲೇ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು;
ಬೋಣಿಗೆ ಎಲ್ಲ ಊರಲ್ಲೂ ಒಬ್ಬ ದೇವರಿದ್ದಾನೆ.

ಪೋಂಚೋ ಮಡಿಚುತ್ತ ತಾನಾಗಿಯೇ ಅಂದಳು:
"ಇದು ಯಂತ್ರದ್ದು. ಕೈಯದು ಬೇಕಿದ್ದರೆ
ಪೆಗೂಚೆಗೆ ಹೋಗು, ಮನೆಯಲ್ಲಿ ಮುದುಕ ಇದ್ದಾನೆ.
ಮಾರಲು ಬರುವುದಿಲ್ಲ ಅವನಿಗೆ,
ಅದಕ್ಕೇ ಬಿಟ್ಟು ಬಂದಿದ್ದೇನೆ."

ಮೊಮ್ಮಗಳು ತಾಮ್ಯಾ ಮುಂದೆ ನಡೆದಳು,
ಜೋಳದ ಹೊಲದ ಅಂಚಿನಲ್ಲಿ, ನನಗಾಗಿ
ನಿಂತು ನಿಂತು, ಬೇಸರ ತೋರಿಸದೆ.

ಅಂಗಳದ ಕಂಬಕ್ಕೆ ಹಾಸಿನ ಒಂದು ತುದಿ,
ಇನ್ನೊಂದು ಹಸಿಂತೋ ಮುದುಕನ ಸೊಂಟಕ್ಕೆ.
ಬಾಗಿದರೆ ಎಳೆ ಸಡಿಲ, ಒರಗಿದರೆ ಬಿಗಿ.
ಮಗ್ಗವೆಲ್ಲಿ ಮುಗಿದು ಮನುಷ್ಯನೆಲ್ಲಿ ಶುರು,
ನನಗಂತೂ ತಿಳಿಯಲಿಲ್ಲ.
ಬಟ್ಟಲಲ್ಲಿ ಪಾಪಾಸುಕಳ್ಳಿಯ ಹುಳು ಅರೆದ ಕೆಂಪು,
ಅವನ ಉಗುರಿನ ಸಂದಿಯಲ್ಲೂ ಅದೇ.
ನಾಲ್ಕು ಬೆರಳಗಲದ ನಡುಪಟ್ಟಿ:
ಕುದುರೆ, ನಕ್ಷತ್ರ, ಒಂದು ಹಕ್ಕಿ,
ಅದರ ಬಾಲ ಇನ್ನೂ ಬಂದಿಲ್ಲ.

"ಇದನ್ನು ಕೊಡುತ್ತೀರಾ?"
ಸೊಂಟದ ಗಂಟು ಮುಟ್ಟಿ ನೋಡಿಕೊಂಡ.
"ಇನ್ನೂ ನನ್ನನ್ನು ಬಿಟ್ಟಿಲ್ಲವಲ್ಲ ಇದು."
ತಾಮ್ಯಾ ಕಿಚ್ವಾದಿಂದ ಸ್ಪ್ಯಾನಿಷಿಗೆ ತಂದಳು,
ಅಲ್ಲಿಂದ ನಾನು ಹೊತ್ತುಕೊಂಡೆ.

ಆಮೇಲೇನನ್ನಿಸಿತೋ, ಗಂಟು ಬಿಚ್ಚಿ
ನನ್ನ ನಡುವಿಗೇ ಬಿಗಿದ.
ಶುಕ್, ಇಷ್ಕೈ, ಕಿಮ್ಸಾ,
ಎಣಿಸಿ ಎಣಿಸಿ ಎಳೆ ಎತ್ತಿಕೊಟ್ಟ.
ನಾನು ಹೊಕ್ಕು ತೂರಿಸಿದೆ, ಬಡಿದೆ,
ಉಸಿರೆಳೆದರೆ ಹಾಸು ಬಿಗಿಯಿತು,
ಬಿಟ್ಟರೆ ಜೋತಿತು. ಏದುತ್ತಿದ್ದೆನಲ್ಲ,
ಬಟ್ಟೆಯೂ ಏದಿತು.
ಐದನೆಯ ಸಾಲಿಗೆ, "ಪಿಚ್ಕಾ. ಸಾಕು."

ಅವನದು ಕಲ್ಲಿನ ಗೋಡೆ.
ನನ್ನದರ ಮೂಲಕ ಎದುರಿನ ಕೋಳಿ ಕಾಣುತ್ತಿತ್ತು.

"ಬಿಚ್ಚಿಬಿಡಿ," ಎಂದೆ ನಾಚಿ.
ಅವನು ಮತ್ತೆ ಕಟ್ಟಿಕೊಂಡು, ಆರಾಮಾಗಿ ಒರಗಿ,
ಆರನೆಯದನ್ನು ಬಡಿದ. ಬಾಲ ಮೂಡತೊಡಗಿತು.
"ಇರಲಿ. ಬರುವ ಶನಿವಾರ ಯಾರಾದರೂ ಕೊಳ್ಳುತ್ತಾರೆ.
ದೂರದಿಂದ ಬಂದವರೊಬ್ಬರು
ಇಲ್ಲಿ ಸುಸ್ತಾಗಿ ಕೂತಿದ್ದರು ಎಂದು ಸೋಯ್ಲಾ ಹೇಳುತ್ತಾಳೆ,
ಎರಡು ಡಾಲರ್ ಹೆಚ್ಚು ಕೇಳುತ್ತಾಳೆ."
ತಾಮ್ಯಾ ಇದನ್ನು ಹೇಳಿ ಮುಗಿಸುವ ಮೊದಲೇ
ತಾನೇ ನಕ್ಕುಬಿಟ್ಟಳು.

ಬಸ್ಸಿನಲ್ಲಿ ತೊಡೆಯ ಮೇಲೆ ಯಂತ್ರದ ಪೋಂಚೋ.
ಒಂದೆಳೆಯೂ ತಪ್ಪಿಲ್ಲ. ಬೆಚ್ಚಗಿದೆ,
ಅದನ್ನು ದೂರುವುದಿಲ್ಲ ನಾನು.
ಸೊಂಟಕ್ಕೆ ಮಾತ್ರ ಇನ್ನೂ ಏನೋ ಬಿಗಿದಂತೆ,
ಕಂಬ ಹಿಂದೆ ಸರಿದಷ್ಟೂ ಜಗ್ಗಿದಂತೆ.
ಯಾರ ನಡುವಿನಲ್ಲಿರುತ್ತೇನೋ ಮುಂದಿನ ವಾರ,
ಎರಡನೆಯ ಸುತ್ತಿನ ಅಡಿಯಲ್ಲಿ, ಕಾಣದ ಹಾಗೆ,
ಅವರು ಮೆಟ್ಟಿಲು ಹತ್ತುವಾಗ
ಕಾರಣವಿಲ್ಲದೆ ಒಮ್ಮೆ ನಿಂತರೆ...

ಬಾಗಿಲಲ್ಲಿ ಜೋತುಬಿದ್ದ ಹುಡುಗ
ಊರಿನ ಹೆಸರು ಕೂಗುತ್ತಾನೆ, ಇಬಾರ್ರಾ, ಇಬಾರ್ರಾ,
ಒಂದೇ ಉಸಿರಿನಲ್ಲಿ.